ಚಂಪಕ್ಕ ತೆರೆದ ತವರುಮನೆ

ಮುನವಳ್ಳಿಗೆ ಹೋಗುವ ಬಸ್ಸು ನಡುದಾರಿಯಲ್ಲಿ ಕೆಟ್ಟು ನಿಲ್ಲಬಹುದಿತ್ತು. ಕೆಡದಿದ್ದರೆ ಇನ್ನೂ ಕಷ್ಟ, ನೆಟ್ಟಗೆ ಊರು ಮುಟ್ಟಿಬಿಡಬಹುದಿತ್ತು. ಮುಟ್ಟಿದ ಮೇಲೆ, ಯಾವ ಮುದುಕಿಗೆ ನಾನು ತಮ್ಮನೆಂದು ಹೇಳಿಕೊಳ್ಳಬೇಕಾಗಿತ್ತೋ ಆಕೆಯೇ ನನ್ನನ್ನು ಮೇಲಿಂದ ಕೆಳಗೆ ನೋಡಿ "ಇಂವ ಯಾಂವ?" ಎಂದು ಕೇಳಬಹುದಿತ್ತು. ಆಕೆಯ ಮಗ ಬಾರುಕೋಲು ಹಿಡಿದು ಹೊರಬೀಳಬಹುದಿತ್ತು. ಓಣಿಯವರು ಕೂಡಿ ನನ್ನನ್ನು ಲೈಟಿನ ಕಂಬಕ್ಕೆ ಕಟ್ಟಬಹುದಿತ್ತು. ಕಟ್ಟುವವರ ನಡುವೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದು, "ಏ, ಇವರು ನಮ್ಮ ಗಣಿತದ ಮಾಸ್ತರು" ಎಂದು ಎಲ್ಲರಿಗೂ ಪರಿಚಯ ಮಾಡಿಕೊಡಬಹುದಿತ್ತು. ಸುದ್ದಿ ಫೌಜದಾರರಿಗೆ ಹೋಗಿ, ಅಲ್ಲಿಂದ ನಮ್ಮ ಹೆಡ್‌ಮಾಸ್ತರರಿಗೆ ಬಂದು, ಅವರಿಂದ ನನ್ನ ಹೆಂಡತಿಗೆ ತಲುಪಬಹುದಿತ್ತು. ಇದ್ಯಾವುದೂ ಆಗದೆ ಬರಿಯ ಓಡಿಬರುವ ಪ್ರಸಂಗ ಬಂದರೂ ನಡುಬೀದಿಯಲ್ಲಿ ಧೋತರ ಸಡಿಲಾಗಬಹುದಿತ್ತು.

ಇಷ್ಟನ್ನೂ ನಾನು ಚಂಪಕ್ಕನ ಮುಂದೆ ಒಂದೊಂದಾಗಿ ಬಿಡಿಸಿ ಹೇಳಿದೆ. ಆಕೆ ತನ್ನ ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು, ಹುರಿದ ಶೇಂಗಾ ತಿಕ್ಕಿ ಸಿಪ್ಪೆ ಊದುತ್ತಿದ್ದಳು. ನಾನು ಹೇಳಿ ಮುಗಿಸುವವರೆಗೂ ಊದಿದಳು. ಆಮೇಲೆ ನನ್ನ ಮಣಿಕಟ್ಟು ಹಿಡಿದಳು.

"ಮುಗೀತೇನು ಈರಪ್ಪಾ? ಖರೇ ಖರೇ ಅಂಜಬೇಕಾದ್ದು ಒಂದು ಬಿಟ್ಟೀ ನೋಡು. ನಿಂಬವ್ವ 'ನಾ ಬರೂದಿಲ್ಲ' ಅಂದರ? ಉಳಿದದ್ದೆಲ್ಲಾ ನಿಂದ ಇರ್ಲಿ. ಈ ಚಿಂತಿ ಒಂದು ನನಗ ಬಿಡು."

ಯಾರ ಜೊತೆ ಮಾತಾಡುವುದಿದ್ದರೂ ಮಣಿಕಟ್ಟು ಹಿಡಿದುಕೊಂಡೇ ಮಾತಾಡುವುದು ಚಂಪಕ್ಕನ ಚಾಳಿ. ಸವದತ್ತಿಯ ಸರಕಾರಿ ದವಾಖಾನೆಯಲ್ಲಿ ಗಾಯ ತೊಳೆದು ಪಟ್ಟಿ ಕಟ್ಟುತ್ತ ಕೂದಲು ಬೆಳ್ಳಗೆ ಮಾಡಿಕೊಂಡ ನರ್ಸಬಾಯಿ ಆಕೆ. ಪೆನ್ಶನ್ ಆಗಿ ಬೈಲಹೊಂಗಲಕ್ಕೆ, ನಮ್ಮ ಪಕ್ಕದ ಮನೆಗೆ ಬಂದ ಮೇಲೂ ಬೆರಳುಗಳು ಸುಮ್ಮನಿರಲು ಒಪ್ಪಲಿಲ್ಲ. ಕಾಯಿಪಲ್ಲೆಯವಳ ನಾಡಿ, ಹಾಲಿನವನ ನಾಡಿ, ಪಿಂಜಾರನ ನಾಡಿ, ನಮ್ಮ ಓಣಿಯಲ್ಲಿ ಆಕೆ ಹಿಡಿಯದ ನಾಡಿ ಉಳಿದಿರಲಿಲ್ಲ. ಬದನೆಕಾಯಿ ಕೊಳ್ಳುವಾಗಲೂ ಕೈ ಹಿಡಿದು, "ಇವತ್ತಿಂದ ಅಲ್ಲ ಇದು, ನಿನ್ನಿದು. ಓಡ್ಲಿಕ್ಕೆ ಹತ್ತೇದ ನೋಡು ನಿನ್ನ ನಾಡಿ" ಎನ್ನುತ್ತಿದ್ದಳು. ನನ್ನ ನಾಡಿಯ ಮೇಲೆ ಮಾತ್ರ ಆಕೆಗೆ ಭರವಸೆ ಇರಲಿಲ್ಲ. "ಖರೇ ಹೇಳಿದಾಗೂ ಓಡತದ, ಸುಳ್ಳ ಹೇಳಿದಾಗೂ ಓಡತದ, ಸುಮ್ಮ ಕೂತಾಗೂ ಓಡತದ. ಇದೇನು ನಾಡೀನೋ, ಟಾಂಗಾದ ಕುದುರೀನೋ?"

ಎತ್ತರದ ಆಳು. ಕಚ್ಚೆ ಹಾಕಿ ಸೀರೆ ಉಟ್ಟು ನಡೆದರೆ ನಾನು ಹಿಂದೆ ಓಡಬೇಕಾಗುತ್ತಿತ್ತು. ಮೈಗೆ ಟಿಂಕ್ಚರಿನ ವಾಸನೆ ಅಂಟಿಬಿಟ್ಟಿತ್ತು. ಆಕೆ ಕಟ್ಟಿದ ಬೇಸನ್ ಉಂಡಿಯಲ್ಲೂ ಅದರ ಸುಳಿವು ಸಿಗುತ್ತದೆಂದು ನನಗೆ ಅನುಮಾನ. ನಕ್ಕರೆ ಓಣಿಯ ತುದಿಯ ಹಿಟ್ಟಿನ ಗಿರಣಿಯವನೂ ಏನಾಯಿತೆಂದು ಇಣುಕುತ್ತಿದ್ದ.

ಹುಟ್ಟಿದ್ದು ದೇಗಾಂವದ ಪುರೋಹಿತರ ಮನೆಯಲ್ಲಿ. ಸಣ್ಣ ವಯಸ್ಸಿನಲ್ಲೇ ಗಂಡ ತೀರಿಹೋದ. ಮಡಿ ಉಟ್ಟು ಮೂಲೆ ಹಿಡಿ ಎಂದರೆ ಈಕೆ ಬಿಳಿ ಸೀರೆ ಉಟ್ಟು ದವಾಖಾನೆ ಹಿಡಿದಳು. ಕಂಡವರ ಕೀವು ರಕ್ತ ಮುಟ್ಟುತ್ತಾಳೆಂದು ಅಣ್ಣ ಆಕೆಯನ್ನು ಪಂಚಮಿಗೆ ಕರೆಯಲು ಬರುವುದನ್ನು ಬಿಟ್ಟ.

ಅದು ಸಣ್ಣ ಮಾತಲ್ಲ. ನಮ್ಮ ಕಡೆ ನಾಗರಪಂಚಮಿಯೆಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಬಂದು ಕರೆಯಬೇಕು, ಆಕೆ ತವರಿಗೆ ಹೋಗಿ ಜೋಕಾಲಿ ಜೀಕಬೇಕು, ಉಂಡಿ ತಿನ್ನಬೇಕು. ಬಂದು ಕರೆದರೆ ಎಂಥ ಗಂಡನ ಮನೆಯವರೂ ಕಳಿಸುವುದಿಲ್ಲ ಎನ್ನುವಂತಿಲ್ಲ. ಅಂದರೆ ಓಣಿಯ ಬಾಯಿಗೆ ಬೀಳುತ್ತಾರೆ. ಹೋದವಳು ತಾನಾಗಿ ತಿರುಗಿ ಬರುವಂತೆಯೂ ಇಲ್ಲ. ಅವರೇ ತವರಿನ ಬಾಗಿಲಿಗೆ ಬಂದು, ಕುಳಿತು, ಕಳಿಸಿರೆಂದು ಕೇಳಬೇಕು. ಈ ಎರಡು ರಿವಾಜುಗಳನ್ನು ನಾವೆಲ್ಲ ಹುಟ್ಟಿದಾಗಿನಿಂದ ನೋಡಿದವರು. ಅವುಗಳಿಂದ ಇನ್ನೇನು ಮಾಡಬಹುದೆಂದು ಹೊಳೆದದ್ದು ಚಂಪಕ್ಕನಿಗೆ ಮಾತ್ರ.

ದವಾಖಾನೆಗೆ ಬರುವ ಮುದುಕಿಯರಲ್ಲಿ ಕೆಲವರಿಗೆ ಹುಬ್ಬು ಒಡೆದಿರುತ್ತಿತ್ತಂತೆ, ಕೆಲವರಿಗೆ ಮೊಣಕೈ ಊದಿರುತ್ತಿತ್ತಂತೆ, ಒಮ್ಮೊಮ್ಮೆ ಬೆನ್ನ ಮೇಲೆ ಬಾಸುಂಡೆ. ಏನಾಯಿತೆಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ, "ಬಚ್ಚಲದಾಗ ಜಾರಿ ಬಿದ್ದೇನ್ರಿ ನರ್ಸಬಾಯಿ."

"ಎಂಥಾ ಬಚ್ಚಲಾನೋ ಮಾರಾಯಾ" ಎನ್ನುತ್ತಿದ್ದಳು ಚಂಪಕ್ಕ. "ಮಗಗ ಜಾರೂದಿಲ್ಲ, ಸೊಸಿಗೆ ಜಾರೂದಿಲ್ಲ. ಮುದುಕಿ ಒಬ್ಬಾಕೀನ ನೋಡಿ ಜಾರತಾವ."

ಹೊಡೆದವರ ಹೆಸರು ಒಬ್ಬಳೂ ಹೇಳುತ್ತಿರಲಿಲ್ಲ. ಫೌಜದಾರರ ಹತ್ತಿರ ಹೋಗೋಣವೆಂದರೆ, ಹೊಟ್ಟೆಯ ಮಗನನ್ನು ಹಿಡಿದುಕೊಡಲು ಯಾವ ತಾಯಿ ಎದ್ದು ಬರುತ್ತಾಳೆ? ಮನೆ ಬಿಟ್ಟು ಬಾ ಎಂದು ಚಂಪಕ್ಕ ಒಬ್ಬಿಬ್ಬರನ್ನು ಕರೆದೂ ನೋಡಿದ್ದಳು. ಬರಲಿಲ್ಲ.

"ಮನಿ ಬಿಟ್ಟು ಬಾ ಅಂದರ ಯಾರೂ ಬರೂದಿಲ್ಲ ಈರಪ್ಪಾ. ಹಬ್ಬಕ್ಕ ಬಾ ಅಂದರ ಬರ್ತಾರ. ನನ್ನ ತವರಂತೂ ಬಾಗಲಾ ಹಾಕ್ಕೊಂಡದ. ನಾನ ಒಂದು ತವರು ತಗದರಾತು."

ತವರಿಗೆ ಮನೆ ಇತ್ತು. ಹಿತ್ತಲಲ್ಲಿ ಜೋಕಾಲಿ ಕಟ್ಟಲು ಬೇವಿನ ಮರ ಇತ್ತು. ಇಲ್ಲದ್ದೆಂದರೆ ಕರೆಯಲು ಹೋಗುವ ಗಂಡುಮಗ. ಗೋಡೆಯ ಆಚೆ ನಾನಿದ್ದೆ.

"ನಾಕು ಮಂದಿ ಮುಂದ ನನಗ ಬಾಯೇ ಬರಾಂಗಿಲ್ರಿ ಚಂಪಕ್ಕಾರ" ಎಂದೆ.

"ಅದಕ್ಕ ನೀನ ಬೇಕು. ಬಾಯಿ ಇದ್ದಾಂವ ಹೋದರ ಜಗಳಾ ಆಗತದ. ನಿನ್ನ ಮಾರಿ ನೋಡಿದರ ಯಾರಿಗೂ ಸಂಶೇ ಬರೂದಿಲ್ಲ, ಅಯ್ಯ ಪಾಪ ಅನಸತದ."

"ಖಾಸ ತಮ್ಮ ಅಂದರ ಊರಾಗ ಗೊತ್ತಾಗತೈತ್ರಿ."

"ಚಿಗವ್ವನ ಮಗಾ ಅನ್ನು. ಚಿಗವ್ವಗೋಳ ಮಕ್ಕಳ ಲೆಕ್ಕಾ ಯಾರ ಇಟ್ಟಾರ?"

ಹೀಗೆ ನಲವತ್ತು ದಾಟಿದ ನಾನು, ಎಪ್ಪತ್ತರ ಹತ್ತಿರದ ನಿಂಬವ್ವನ ಚಿಕ್ಕಮ್ಮನ ಮಗನಾದೆ. ನಿಂಬವ್ವ ಮುನವಳ್ಳಿಯ ಒಕ್ಕಲುಮನೆಯವಳು. ಚಂಪಕ್ಕ ಸವದತ್ತಿಯಲ್ಲಿದ್ದಾಗ ಆಕೆ ಮೇಲಿಂದ ಮೇಲೆ ದವಾಖಾನೆಗೆ ಬಂದವಳು. ತವರಿನಲ್ಲಿ ಯಾರೂ ಉಳಿದಿಲ್ಲವೆಂದು ಪಟ್ಟಿ ಕಟ್ಟಿಸಿಕೊಳ್ಳುತ್ತ ತಾನೇ ಹೇಳಿದ್ದಳಂತೆ. ಮಗನ ಹೆಸರು ಯಮನಪ್ಪ. ಆ ಹೆಸರು ಕೇಳಿಯೇ ನಾನು ಬಸ್ಸಿನಲ್ಲಿ ನೀರು ಕುಡಿದು ಕುಡಿದು ಮುಗಿಸಿದ್ದೆ.

ಊರ ಬಸ್‌ಸ್ಟ್ಯಾಂಡಿನಿಂದ ನಡೆದು ಹೋಗಕೂಡದೆಂದು ಚಂಪಕ್ಕನ ಅಪ್ಪಣೆ. ಬಾಡಿಗೆಗೆ ಚಕ್ಕಡಿ ಹಿಡಿಯಬೇಕು, ಎತ್ತಿನ ಕೊರಳಿಗೆ ಗೆಜ್ಜೆ ಇರಲೇಬೇಕು. "ಗೆಜ್ಜಿ ಸಪ್ಪಳಕ್ಕ ಓಣಿ ಹೊರಗ ಬರಬೇಕು. ಓಣಿ ನಿಂತು ನೋಡ್ಲಿಕ್ಕೆ ಹತ್ತಿದರ ಯಾರೂ ಕೈ ಎತ್ತೂದಿಲ್ಲ." ನನಗೋ, ಜನ ಸೇರುವುದೇ ಬೇಡವಾಗಿತ್ತು. ಉಂಡಿಯ ಬುಟ್ಟಿಗೆ ಅರಿವೆ ಮುಚ್ಚಿ ಆಕೆ ಬಿಗಿದದ್ದು ದವಾಖಾನೆಯ ಬಿಳಿ ಪಟ್ಟಿಯಿಂದ. ಕಾಲು ಮುರಿದ ಬುಟ್ಟಿಯ ಹಾಗೆ ಕಾಣುತ್ತದೆಂದು ನಾನು ತಕರಾರು ತೆಗೆದಿದ್ದೆ. ಆಕೆ ಕೇಳಲಿಲ್ಲ.

ಓಣಿ ಹೊರಗೆ ಬಂತು. ಯಮನಪ್ಪ ಕಟ್ಟೆಯ ಮೇಲೆ ಕುಳಿತು ಹಗ್ಗ ಹೊಸೆಯುತ್ತಿದ್ದ. ನಾನು ಅಂಜಿದ್ದಕ್ಕಿಂತ ದಪ್ಪಗಿದ್ದ. ದನದ ಕೊಟ್ಟಿಗೆಯ ಬಾಗಿಲಲ್ಲಿ ಒಬ್ಬ ಸಣ್ಣ ಮುದುಕಿ ಒಂದು ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದು ನಿಂತಿದ್ದಳು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದೆ. "ನಾ ನಿಮ್ಮವ್ವನ ಚಿಗವ್ವನ ಮಗಾರಿ, ಬೈಲಹೊಂಗಲದಾಂವ. ಪಂಚಮಿಗಿ ಕರಿಯಾಕ ಬಂದೇನ್ರಿ."

"ಇಷ್ಟ ವರ್ಷ ಎಲ್ಲಿ ಸತ್ತಿದ್ದಿ?" ಎಂದ ಯಮನಪ್ಪ.

"ಈಗರೆ ಬಂದಾನಲ್ಲೋ ಪಾಪ" ಎಂದಳು ಎದುರು ಮನೆಯ ಹೆಂಗಸು. ಚಂಪಕ್ಕ ನನ್ನ ಮುಖದ ಬಗ್ಗೆ ಹೇಳಿದ್ದು ಸುಳ್ಳಾಗಿರಲಿಲ್ಲ.

ಅಷ್ಟಕ್ಕೇ ಧೈರ್ಯ ಬಂತು. ಮುದುಕಿಯ ಕಡೆ ತಿರುಗಿ, ದೊಡ್ಡವರನ್ನು ಕಂಡಾಗ ಬರುವ ರೂಢಿಯಂತೆ, "ಆಯಿ, ನಡೀರಿ" ಎಂದುಬಿಟ್ಟೆ.

ಅಜ್ಜಿಯನ್ನು ಕರೆಯುವ ಹಾಗೆ. ಅಕ್ಕ ಎನ್ನಬೇಕಾದವಳನ್ನು. ಹಗ್ಗ ಹೊಸೆಯುತ್ತಿದ್ದ ಕೈ ನಿಂತಿತು. ಎದುರು ಮನೆಯವಳು ಒಂದು ಹೆಜ್ಜೆ ಮುಂದೆ ಬಂದಳು. ಎತ್ತು ತಲೆ ಅಲ್ಲಾಡಿಸಿ ಗೆಜ್ಜೆಯ ಸಪ್ಪಳ ಮಾಡಿತು.

ನಿಂಬವ್ವ ನನ್ನನ್ನು ನೋಡಿದಳು. ಬುಟ್ಟಿಯನ್ನು ನೋಡಿದಳು, ಬುಟ್ಟಿಗೆ ಸುತ್ತಿದ ಬಿಳಿ ಪಟ್ಟಿಯನ್ನು ನೋಡಿದಳು, ಆ ಪಟ್ಟಿಯ ಗಂಟನ್ನು ಹತ್ತಿರ ಬಂದು ಬೆರಳಿನಿಂದ ಮುಟ್ಟಿದಳು. ಎಷ್ಟೋ ಸಲ ತನ್ನ ಕೈಮೇಲೇ ಕಂಡ ಗಂಟು.

"ಏ ಯಮನಾ, ಹಂಗ್ಯಾಕ ನೋಡತೀ?" ಎಂದಳು. "ಇಂವ ತೊಟ್ಟಲದಾಗಿದ್ದಾಗ ಎತ್ತಿ ಆಡಿಸಿದಾಕಿ ನಾನು. ಬಾಯಿ ಬಂದಾಗ ಮೊದಲ ಆಯಿ ಅಂದಿದ್ದು ನನಗ. ಮುಪ್ಪಿನ ಮುದುಕ ಆಗಾಕ ಬಂದ್ರೂ ಬಿಟ್ಟಿಲ್ಲ ಹುಚ್ಚಪ್ಯಾಲಿ." ನಂತರ ನನ್ನ ಕಡೆ ತಿರುಗಿ, "ಇಷ್ಟ ತಡಾ ಮಾಡಿ ಬರೂದೇನೋ ಭಾಡ್ಯಾ?" ಎಂದು ಬೈದಳು. ಒಳಗೆ ನೋಡಿ ಸೊಸೆಗೆ ಕೇಳುವಂತೆ, ಅದಕ್ಕಿಂತ ಹೆಚ್ಚಾಗಿ ಓಣಿಗೆ ಕೇಳುವಂತೆ ಹೇಳಿದಳು, "ನನ್ನ ಇಳಕಲ್ ಸೀರಿ ತಗಿಯವಾ. ತವರಿಗಿ ಹೊಕ್ಕೇನಿ."

ಸೀರೆ ಬಂತು. ಓಣಿ ನಿಂತು ನೋಡುತ್ತಿತ್ತು, ಬರದೆ ಏನು ಮಾಡೀತು?

ಊರ ಅಗಸಿ ಬಾಗಿಲು ದಾಟುವವರೆಗೆ ನಿಂಬವ್ವ ಚಕ್ಕಡಿಯಲ್ಲಿ ಹಬ್ಬದ ಮುಖ ಮಾಡಿಕೊಂಡೇ ಕುಳಿತಿದ್ದಳು. ದಾಟಿದ ಮೇಲೆ ನನ್ನ ಮೊಣಕೈ ತಿವಿದಳು.

"ಯಾರೋ ಯಪ್ಪಾ ನೀ?"

ಹೇಳಿದೆ. ಹೇಳುವಷ್ಟರಲ್ಲಿ ಧೋತರದ ತುದಿಯಿಂದ ಎರಡು ಸಲ ಮುಖ ಒರೆಸಿಕೊಂಡೆ.

"ಹೆಣ್ಣ ನೋಡಾಕ ಬಂದವರಂಗ ಬೆವರಬ್ಯಾಡ" ಎಂದಳು ನಿಂಬವ್ವ. "ಮತ್ತೊಮ್ಮೆ ಆಯಿ ಅಂದರ ಕಪಾಳಕ್ಕ ಕೊಡತೇನಿ. ತಮ್ಮ ಆದಮ್ಯಾಲ ಅಷ್ಟು ಹಕ್ಕು ಐತಿಲ್ಲ ನನಗ?"

ಆ ಪಂಚಮಿಗೆ ಚಂಪಕ್ಕನ ಹಿತ್ತಲಲ್ಲಿ ನಿಂಬವ್ವನ ಜೊತೆಗೆ ಕಿತ್ತೂರಿನ ಇಬ್ಬರು ಮುದುಕಿಯರೂ ಇದ್ದರು. ಕರೆಯಲು ಬಂದವರು ಯಾರೆಂದು ಕೇಳದ ಮನೆಗಳವು, ಅವರನ್ನು ಚಂಪಕ್ಕ ತಾನೇ ಹೋಗಿ ಕರೆತಂದಿದ್ದಳು. ಹಲ್ಲಿಲ್ಲದ ಬಾಯಿಗಳಿಗೆಂದು ಶೇಂಗಾದುಂಡಿಯನ್ನು ಒರಳಲ್ಲಿ ಮತ್ತೆ ಕುಟ್ಟಿ ಹುಡಿ ಮಾಡಿದೆವು. ಉಂಡಿ ಕಟ್ಟಿ, ಅದನ್ನೇ ಒಡೆದು ಬಡಿಸುವ ತವರು ನಾನು ಬೇರೆಲ್ಲೂ ಕಾಣಲಿಲ್ಲ. ಜೋಕಾಲಿಯ ಹಗ್ಗವನ್ನು ನಾನು ಮುಟ್ಟಿ, ಎಳೆದು, ನೇತಾಡಿ, ಮತ್ತೆ ಮುಟ್ಟಿ ನೋಡಿದೆ.

"ಬೀಳ್ತಾರ್ರಿ ಚಂಪಕ್ಕಾರ, ವಯಸ್ಸಾದವರು."

"ಬಿದ್ದರ ಪಟ್ಟಿ ಕಟ್ಲಿಕ್ಕೆ ನಾ ಇದ್ದೇನಲ್ಲ. ಇದೊಮ್ಮೆ ಖರೇನ ಜಾರಿ ಬಿದ್ದಾಳ ಅಂತ ಸಂತೋಷ ಪಡತೇನಿ."

ನಿಂಬವ್ವ ಮೊದಲು ಕಣ್ಣು ಮುಚ್ಚಿ ಹಗ್ಗವನ್ನು ಕರುವಿನ ಕೊರಳಿನ ಹಾಗೆ ತಬ್ಬಿಕೊಂಡಿದ್ದಳು. ಮರುದಿನ ಒಂದು ಕಣ್ಣು ತೆರೆದಳು. ಹಬ್ಬ ಮುಗಿಯುವ ಹೊತ್ತಿಗೆ ನಿಂತು ಜೀಕುತ್ತಿದ್ದಳು. ಇಳಕಲ್ ಸೀರೆಯ ಸೆರಗು ನಮ್ಮ ಗೋಡೆಯ ಮೇಲಿಂದ ಕಾಣಿಸುತ್ತಿತ್ತು. ನನ್ನ ಹೆಂಡತಿ ಅನ್ನಕ್ಕಿಟ್ಟು ಅದನ್ನೇ ನೋಡುತ್ತ ನಿಂತು, ಅನ್ನ ಸೀಯಿಸಿದಳು.

ಹಬ್ಬ ಮುಗಿದು ಕೆಲವು ದಿನಕ್ಕೆ ಯಮನಪ್ಪ ಬಂದ. ಬರಲೇಬೇಕಿತ್ತು. ನಿಮ್ಮವ್ವ ಇನ್ನೂ ತವರಿನಿಂದ ಬಂದಿಲ್ಲೇನು ಎಂದು ಓಣಿ ಕೇಳತೊಡಗಿತ್ತು. ನಾನು ನಮ್ಮ ಮನೆಯ ಹಿಂಬಾಗಿಲ ಕಡೆ ನಡೆದಿದ್ದೆ. ಚಂಪಕ್ಕ 'ಗಂಡುಮಗ ಇಲ್ಲದ ಹೆಂಗ' ಎಂದು ಕರೆದು ಪಕ್ಕಕ್ಕೆ ಕೂಡಿಸಿಕೊಂಡಳು.

ಬಂದವನಿಗೆ ಚಾಪೆ ಹಾಸಿ, ಕಾಲಿಗೆ ನೀರು ಕೊಟ್ಟು, ಒಂದು ಶೇಂಗಾದುಂಡಿ ಕೈಗಿಟ್ಟಳು. ಇದು ಒಡೆಯದ ಉಂಡಿ, ನಿಂಬೆಹಣ್ಣಿಗಿಂತ ದಪ್ಪ. "ಮೊದಲ ಬಾಯಾಗ ಹಾಕ್ಕೋರಿ ಬೀಗರ" ಎಂದಳು. ಆತ ಹಾಕಿಕೊಂಡ. ದವಡೆ ಆಡಿಸಲೂ ಆಗದೆ, ಉಗುಳಲೂ ಆಗದೆ ಕುಳಿತ. ಚಂಪಕ್ಕ ಆಗ ಅವನ ಮಣಿಕಟ್ಟು ಹಿಡಿದಳು.

"ನಿಮ್ಮ ಮನಿ ಬಚ್ಚಲಾ ಭಾಳ ಜಾರತದಂತ. ನಿಮ್ಮವ್ವನ ಕೈಗೆ, ಹುಬ್ಬಿಗೆ, ಬೆನ್ನಿಗೆ ಪಟ್ಟಿ ಕಟ್ಟಿದಾಕಿ ನಾನು. ಪಟ್ಟಿ ಕಟ್ಟೂ ಮುಂದ ನೋಡೇನಿ, ಬಚ್ಚಲಕ್ಕ ಐದು ಬೆರಳ ಇದ್ದವು."

ಯಮನಪ್ಪ ಉಂಡಿ ತುಂಬಿದ ಬಾಯಲ್ಲಿ ಏನೋ ಅಂದ.

"ಇರ್ಲಿ, ಸಾವಕಾಶ ನುಂಗ್ರಿ. ನಾ ಹೇಳೂದಿಷ್ಟ. ಆಕಿ ಬರ್ತೇನಿ ಅಂದರ ಕಳಸ್ತೇನಿ. ಕಳಿಸಿದ ಮ್ಯಾಲ ನಾ ಬರ್ತಿರತೇನಿ. ದೀಪಾವಳಿಗೆ, ಸಂಕ್ರಾಂತಿಗೆ, ನಡುವ ಬ್ಯಾಸರಾದಾಗ. ಬಂದು ಮೊದಲ ಬಚ್ಚಲಾ ನೋಡತೇನಿ, ಆಮ್ಯಾಲೆ ನಿಮ್ಮವ್ವನ ಮೈ ನೋಡತೇನಿ. ಒಂದು ಗೀರು ಕಂಡರ ಓಣಿ ಕರದು ತೋರಸ್ತೇನಿ. ಫೌಜದಾರರ ಮನಿಯವರಿಗೆ ಹೆರಿಗಿ ಮಾಡಿಸಿದಾಕೀನೂ ನಾನ ಅನ್ನೂದು ಲಕ್ಷ್ಯದಾಗಿರ್ಲಿ." ಇಷ್ಟನ್ನೂ ಆಕೆ ಜ್ವರ ಕೇಳುವ ದನಿಯಲ್ಲಿ ಹೇಳಿದಳು. ನಂತರ ಹಿತ್ತಲ ಕಡೆ ಕೂಗಿದಳು. "ನಿಂಬವ್ವಾ, ಕರೀಲಿಕ್ಕೆ ಬಂದಾರ. ಹೋಗ್ತೀಯೇನ?"

ನಾನು ನೆಲ ನೋಡುತ್ತ ಕುಳಿತೆ. ಅಷ್ಟೂ ದಿನದ ಉಂಡಿ, ಗೆಜ್ಜೆ, ಜೋಕಾಲಿ ಎಲ್ಲ ಈ ಒಂದು ಮಾತಿನ ಮೇಲೆ ನಿಂತಿತ್ತು. ಚಂಪಕ್ಕ ಯಮನಪ್ಪನ ಕೈ ಬಿಟ್ಟು ತನ್ನ ಸೆರಗಿನ ಅಂಚು ಹಿಡಿದಿದ್ದಳು. ಆಕೆಯ ಪಾಲಿನ ಚಿಂತೆಯನ್ನು ನಾನು ಕಣ್ಣಾರೆ ಕಂಡದ್ದು ಅದೊಂದೇ ಸಲ.

ಹಿತ್ತಲಿಂದ ಹಗ್ಗದ ಕಿರ್ ಸಪ್ಪಳ ಬರುತ್ತಲೇ ಇತ್ತು.

"ಇನ್ನೊಂದೀಟು ಜೀಕತೇನಿ" ಎಂದಳು ನಿಂಬವ್ವ. "ಅವಗ ಹೋಗಂತ ಹೇಳ್ರಿ. ಬೇಕಾದಾಗ ನಾನ ಬರತೇನಿ."

ಬೇಕಾಗಲಿಲ್ಲ. ಮೊಮ್ಮಗಳ ಮದುವೆಗೆ ಒಮ್ಮೆ ಹೋಗಿ, ಅಕ್ಷತೆ ಹಾಕಿ, ಉಂಡು, ಸಂಜೆಯ ಬಸ್ಸಿಗೆ ತಿರುಗಿ ಬಂದಳು. ಜೊತೆಗೆ ಚಂಪಕ್ಕನೂ ಇದ್ದಳು. ಮದುವೆಮನೆಯ ಬಚ್ಚಲು ನೋಡಿಯೇ ಬಂದಳಂತೆ.

ಎಲ್ಲವೂ ಹೀಗೆ ನಿಂತು ಜೀಕಿದ ಕಥೆಯಾಗಲಿಲ್ಲ. ಕಿತ್ತೂರಿನವರು ಹಬ್ಬ ಮುಗಿಸಿ ತಮ್ಮ ಮನೆಗೆ ಹೋಗುತ್ತಿದ್ದರು, ಚಂಪಕ್ಕ ನಡುನಡುವೆ ಅಲ್ಲಿಯ ಬಚ್ಚಲು ನೋಡಿ ಬರುತ್ತಿದ್ದಳು. ರಾಮದುರ್ಗದ ಒಬ್ಬಾಕೆ ನಮ್ಮನ್ನು ಹೊಸ್ತಿಲಲ್ಲೇ ನಿಲ್ಲಿಸಿ, "ನನ್ನ ಮಗ ದೇವರಂಥಾಂವ ಅದಾನ್ರಿ" ಎಂದಳು. ಹೇಳುವಾಗ ಒಡೆದ ತುಟಿಯಿಂದ ರಕ್ತ ಜಿನುಗಿತು. ಚಂಪಕ್ಕ ವಾದಿಸಲಿಲ್ಲ. ಉಂಡಿ ಕೊಟ್ಟು, "ಮುಂದಿನ ಪಂಚಮಿಗೆ ಮತ್ತ ಬರ್ತೇನವಾ" ಎಂದು ಹೊರಟಳು. ಮರುವರ್ಷ ಹೋದಳು, ಅದರ ಮರುವರ್ಷವೂ ಹೋದಳು. ಕೊನೆಗೊಂದು ಪಂಚಮಿಗೆ ಆ ಮುದುಕಿ ಗಂಟು ಕಟ್ಟಿಕೊಂಡು ಬಾಗಿಲಲ್ಲೇ ಕುಳಿತಿದ್ದಳು. "ಈ ಸಲ ತಡಾ ಮಾಡಿದ್ರಿ" ಎಂದಳಷ್ಟೆ.

ಹೋದ ಬೇಸಿಗೆಯಲ್ಲಿ ಚಂಪಕ್ಕ ಮಲಗಿದಳು. ನೋಡಲು ಹೋದಾಗ, ಏನು ಮಾತಾಡಬೇಕೋ ತಿಳಿಯದೆ ನಾನೇ ಆಕೆಯ ಮಣಿಕಟ್ಟು ಹಿಡಿದೆ. ಆಕೆ ಕೈ ಬಿಡಿಸಿಕೊಳ್ಳಲಿಲ್ಲ.

"ಗಣಿತದ ಮಾಸ್ತರ ಇದ್ದೂ ಎಣಸ್ಲಿಕ್ಕೆ ಬರೂದಿಲ್ಲಲ್ಲೋ ನಿನಗ" ಎಂದಳು. "ನಿನ್ನ ನಾಡೀನ ಕೇಳಸ್ಲಿಕ್ಕೆ ಹತ್ತೇದ ನನಗ."

ಪಂಚಮಿಗೆ ಆಕೆ ಇರಲಿಲ್ಲ.

ಶ್ರಾವಣ ಹತ್ತಿರ ಬಂದಂತೆ ನಾನು ನನ್ನ ಅಂಜುವ ಕೆಲಸ ಶುರುಮಾಡಿದೆ. ಕರೆಯುವವಳೇ ಇಲ್ಲವೆಂದು ಯಾರೂ ಬರಲಿಕ್ಕಿಲ್ಲ. ಬಂದರೂ ಕುಳಿತು ಅಳಬಹುದು. ಉಂಡಿಗೆ ಪಾಕ ಕೂಡಲಿಕ್ಕಿಲ್ಲ. ಆದರೆ ಮನೆಯಲ್ಲಿ ನಿಂಬವ್ವ ಇದ್ದಳು. ಆಕೆ ಪಾಕ ಕೂಡಿಸಿದಳು, ಜೋಕಾಲಿ ಕಟ್ಟಿಸಿದಳು, ಆ ಮುದುಕಿಯನ್ನು ಕರೆತರಲು ನನ್ನನ್ನು ರಾಮದುರ್ಗದ ಬಸ್ಸಿಗೆ ಹತ್ತಿಸಿದಳು. ನಾನು ಹೋಗಿ ಬರುವಷ್ಟರಲ್ಲಿ ಕಿತ್ತೂರಿನವರು ಯಾರೂ ಕರೆಯದೆ ತಾವೇ ಬಂದು ಕಾಲು ತೊಳೆಯುತ್ತಿದ್ದರು. ಒಬ್ಬಳು ತನ್ನ ಓಣಿಯ ಇನ್ನೊಬ್ಬಳನ್ನೂ ಕೈಹಿಡಿದು ತಂದಿದ್ದಳು.

ಹಾಲೆರೆಯುವ ಹೊತ್ತಾಯಿತು. ಮಣ್ಣಿನ ನಾಗಪ್ಪನ ಮುಂದೆ ಒಬ್ಬೊಬ್ಬರೇ ಕುಳಿತು, ಕೊಬ್ಬರಿ ಬಟ್ಟಲಲ್ಲಿ ಹಾಲು ತುಂಬಿಕೊಂಡು, ತಮ್ಮವರೆನ್ನುವವರ ಹೆಸರು ಹೇಳಿ ಒಂದೊಂದು ಪಾಲು ಎರೆಯುವುದು ವಾಡಿಕೆ. ದೇವರ ಪಾಲು, ಗುರುವಿನ ಪಾಲು, ಅವ್ವನ ಪಾಲು, ಅಪ್ಪನ ಪಾಲು. ನಿಂಬವ್ವ ಮೊದಲು ಕುಳಿತಳು. ಎಲ್ಲರದೂ ಆದ ಮೇಲೆ "ಯಮನಪ್ಪನ ಪಾಲು" ಎಂದು, ಸ್ವಲ್ಪ ಯೋಚಿಸಿ, ಅರ್ಧ ತೊಟ್ಟು ಹಾಕಿದಳು. ನಂತರ "ಚಂಪಕ್ಕನ ಪಾಲು" ಎಂದು ಬಟ್ಟಲು ತುಂಬ ಎರೆದಳು. ಅದು ಸಾಲಲಿಲ್ಲವೆಂದು ಮತ್ತೊಂದು ಬಟ್ಟಲು. ಹಿಂದಿನವಳು ತಾನೇನು ಕಡಿಮೆ ಎಂದು ಮೂರು ಎರೆದಳು. ಮೊದಲ ಸಲ ಬಂದವಳು, ಚಂಪಕ್ಕನ ಮುಖವನ್ನೇ ಕಾಣದವಳು, "ಅವರು ಯಾರರೆ ಇರಲಿ, ಅವರ ಪಾಲು" ಎಂದು ಎರೆದಳು. ಎರೆದು ಎದ್ದವರು ಮತ್ತೆ ಸಾಲಿನ ಹಿಂದೆ ಹೋಗಿ ನಿಂತರು. ನಾಗಪ್ಪ ಹಾಲಿನಲ್ಲಿ ನೆನೆದು ವಾಲತೊಡಗಿದ್ದ. ನನ್ನ ಹೆಂಡತಿ ನಮ್ಮ ಮನೆಯ ಹಾಲಿನ ಪಾತ್ರೆಯನ್ನೂ ತಂದು ಇಳಿಸಿದಳು.

ಎಲ್ಲ ಮುಗಿದು, ಮುದುಕಿಯರು ಜೋಕಾಲಿಯ ಪಾಳಿಗೆ ಜಗಳ ಹಚ್ಚಿಕೊಂಡಾಗ, ನಾನು ಅಡುಗೆಮನೆಗೆ ಹೋಗಿ ಚಹಾ ಕೇಳಿದೆ. ನಿಂಬವ್ವ ನಮ್ಮ ಮನೆಯ ಪಾತ್ರೆ, ಚಂಪಕ್ಕನ ಮನೆಯ ಪಾತ್ರೆ, ಎರಡನ್ನೂ ಬೋರಲು ಹಾಕಿ ತೋರಿಸಿದಳು. ಒಂದು ಹನಿ ಬೀಳಲಿಲ್ಲ.

"ಕರೇ ಚಹಾ ಕುಡಿ ಇವತ್ತ, ತಮ್ಮಾ" ಎಂದಳು.

ಕುಡಿದೆ.